ಅಷ್ಟಮಿ ಚಂದ್ರನಿಗೆ ನಾಲ್ಕು ಲೆನ್ಸ್‌ಗಳ ಪರೀಕ್ಷೆ

ಚಂದ್ರನ ಚಿತ್ರಕ್ಕೆಂದು ಲೆನ್ಸ್ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿಕೊಳ್ಳಬೇಕು. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಆದ್ದರಿಂದ ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಳತೆಯನ್ನು, ಅಂದರೆ ಫೋಕಲ್ ಲೆಂತ್ ಅನ್ನು, 110ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಬೀಳುವ ಬಿಂಬ ಎಷ್ಟು ಮಿಲಿಮೀಟರ್ ಎಂಬುದು ತಿಳಿಯುತ್ತದೆ. 250 ಮಿ.ಮೀ. ಲೆನ್ಸಿಗೆ 2.3 ಮಿ.ಮೀ., 600ಕ್ಕೆ ಹತ್ತಿರ ಹತ್ತಿರ 5.5. ನನ್ನ ಕ್ಯಾಮೆರಾ ಕ್ಯಾನನ್ 200ಡಿ ಮಾರ್ಕ್ 2; 24 ಮೆಗಾಪಿಕ್ಸೆಲ್, ಸೆನ್ಸರಿನ ಅಗಲ 22.3 ಮಿ.ಮೀ. ಅದರಲ್ಲಿ 250ರ ಚಂದ್ರನಿಗೆ ಸುಮಾರು 610 ಪಿಕ್ಸೆಲ್, 600ರ ಚಂದ್ರನಿಗೆ 1,460 ಪಿಕ್ಸೆಲ್ ದಕ್ಕುತ್ತವೆ. ಪತ್ರಿಕೆಗಳು ವರ್ಷವರ್ಷವೂ ಸಂಭ್ರಮಿಸುವ ‘ಸೂಪರ್ ಮೂನ್’, ತೀರಾ ದೂರದಲ್ಲಿರುವ ಹುಣ್ಣಿಮೆಗಿಂತ ಹೆಚ್ಚೆಂದರೆ ಶೇ 14ರಷ್ಟು ದೊಡ್ಡದು. ಲೆನ್ಸ್ ಬದಲಾದಾಗ ಆಗುವ ವ್ಯತ್ಯಾಸದ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ನಾನು ಹೋಲಿಸಿದ್ದು ಈ ನಾಲ್ಕನ್ನು: ನನ್ನದೇ ಆದ ಕ್ಯಾನನ್ 55-250 ಎಸ್‌ಟಿಎಂ, ಬಾಡಿಗೆಗೆ ತಂದ ಸಿಗ್ಮಾ 150-600 ಕಂಟೆಂಪರರಿ, ಸ್ನೇಹಿತರೊಬ್ಬರ ಕ್ಯಾನನ್ 100-400 ಎಲ್ ಮಾರ್ಕ್ 2 ಮತ್ತು ಅದರ ಜೊತೆಗೆ ಫೋಕಲ್ ಲೆಂತ್ ಅನ್ನು 1.4 ಪಟ್ಟು ಹೆಚ್ಚಿಸುವ ಎಕ್ಸ್‌ಟೆಂಡರ್, ಕೊನೆಯದಾಗಿ ಅಗ್ಗಕ್ಕೆ ಸಿಕ್ಕ ಹಳೆಯ 500 ಮಿ.ಮೀ. ಎಫ್/8 ಮಿರರ್ ಲೆನ್ಸ್. ಎಲ್ಲವೂ ಬೆಂಗಳೂರಿನ ತಾರಸಿಯ ಮೇಲೆ, ಒಂದೇ ಟ್ರೈಪಾಡಿನಲ್ಲಿ, ಶುಕ್ಲಪಕ್ಷದ ಪಂಚಮಿಯಿಂದ ನವಮಿಯವರೆಗಿನ ಸಂಜೆಗಳಲ್ಲಿ.

ಹುಣ್ಣಿಮೆಯನ್ನು ಬಿಟ್ಟು ಈ ತಿಥಿಗಳೇ ಏಕೆಂದರೆ, ಲೆನ್ಸಿನ ಯೋಗ್ಯತೆ ತಿಳಿಯುವುದು ಬೆಳಕು-ನೆರಳಿನ ಗಡಿಯಲ್ಲಿ. ಹುಣ್ಣಿಮೆಯಂದು ಸೂರ್ಯನ ಬೆಳಕು ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಬೀಳುವುದರಿಂದ ಕುಳಿಗಳಿಗೆ ನೆರಳೇ ಇರುವುದಿಲ್ಲ. ಟೈಕೊ ಕುಳಿಯಿಂದ ಹರಡಿದ ಬಿಳಿ ಗೆರೆಗಳನ್ನು ಬಿಟ್ಟರೆ ಎಲ್ಲವೂ ಚಪ್ಪಟೆ. ಪಂಚಮಿ, ಷಷ್ಠಿಯ ಹೊತ್ತಿಗೆ ಥಿಯೊಫಿಲಸ್, ಸಿರಿಲಸ್, ಕ್ಯಾಥರೀನಾ ಎಂಬ ಮೂರು ಕುಳಿಗಳ ಸಾಲು ಗಡಿಯ ಬಳಿ ಇರುತ್ತದೆ. ಅಷ್ಟಮಿ ದಾಟಿದರೆ ನೇರ ಗೋಡೆ ಎಂದೇ ಹೆಸರಾದ ರೂಪೆಸ್ ರೆಕ್ಟಾ ಕಾಣಿಸಿಕೊಳ್ಳುತ್ತದೆ. ನೂರು ಕಿಲೋಮೀಟರಿಗೂ ಉದ್ದದ ಈ ಬಿರುಕಿನ ನೆರಳು ಕೆಲವೇ ಕಿಲೋಮೀಟರ್ ದಪ್ಪ. ಲೆನ್ಸಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಾ ಪತ್ರಿಕೆ ಸಿಗದು.

55-250ರಲ್ಲಿ ಒಂದು ಪಿಕ್ಸೆಲ್ ಎಂದರೆ ಚಂದ್ರನ ಮೇಲಿನ ಐದೂವರೆ-ಆರು ಕಿಲೋಮೀಟರ್. ನೇರ ಗೋಡೆ ಅದಕ್ಕೆ ಸಿಗಲಿಲ್ಲ. ಸಿಕ್ಕಿತೆಂದು ನಾನು ಹಟ ಹಿಡಿದರೆ ಅದು ಭಕ್ತಿಯೇ ಹೊರತು ಸಾಕ್ಷಿಯಲ್ಲ. ಆದರೂ 375 ಗ್ರಾಂ ತೂಕದ ಈ ಪ್ಲಾಸ್ಟಿಕ್ ಲೆನ್ಸನ್ನು ಯಾರೂ ಹಗುರವಾಗಿ ಕಾಣಬಾರದು. ಬೆಳಕು ಒಳಬರುವ ಬಾಯಿಯನ್ನು, ಅಂದರೆ ಅಪರ್ಚರನ್ನು, ಎಫ್/8ಕ್ಕೆ ಕಿರಿದುಗೊಳಿಸಿದಾಗ ಥಿಯೊಫಿಲಸ್ ನಡುವಿನ ಶಿಖರ ಚುಕ್ಕೆಯಾಗಿ ಕಂಡಿತು, ಅಪೆನ್ನೈನ್ ಪರ್ವತಗಳ ಕಮಾನು ಸ್ಪಷ್ಟವಾಗಿಯೇ ಮೂಡಿತು. ಸಾಧಾರಣ ಟ್ರೈಪಾಡ್ ಕೂಡ ಇದನ್ನು ಹೊರುತ್ತದೆ.

ಸಿಗ್ಮಾ ಬೇರೆಯೇ ಜಗತ್ತು. ಪಿಕ್ಸೆಲ್ಲಿಗೆ ಸುಮಾರು ಎರಡೂವರೆ ಕಿಲೋಮೀಟರ್. 93 ಕಿಲೋಮೀಟರ್ ಅಗಲದ ಕೊಪರ್ನಿಕಸ್ 250ರಲ್ಲಿ ಹದಿನಾರು ಪಿಕ್ಸೆಲ್ ಇದ್ದದ್ದು ಇಲ್ಲಿ ನಲವತ್ತರ ಹತ್ತಿರ. ಅದರ ಮೆಟ್ಟಿಲು ಮೆಟ್ಟಿಲಾದ ಗೋಡೆಯ ಸುಳಿವು ಸಿಕ್ಕಿತು. ನೇರ ಗೋಡೆ ತೆಳುವಾದ ಕಪ್ಪು ಗೀಟಾಗಿ ಬಂತು. ಕೇವಲ ದೊಡ್ಡದಾಗಿ ತೋರಿಸುವುದರಿಂದ ಇದು ಸಾಧ್ಯವಾಗುವುದಿಲ್ಲ. 600ರಲ್ಲಿ ಎಫ್/6.3 ಎಂದರೆ ಬೆಳಕು ಒಳಬರುವ ಬಾಯಿ 95 ಮಿ.ಮೀ. ಅಗಲ, ನನ್ನ ಚಿಕ್ಕ ಲೆನ್ಸಿನದು 45. ಎಷ್ಟು ಸೂಕ್ಷ್ಮವನ್ನು ಬಿಡಿಸಿ ತೋರಿಸಬಹುದೆಂಬುದನ್ನು ದೂರದರ್ಶಕದಲ್ಲಿ ನಿರ್ಧರಿಸುವಂತೆ ಇಲ್ಲಿಯೂ ಆ ಅಗಲವೇ ನಿರ್ಧರಿಸುತ್ತದೆ. ಪೂರ್ತಿ ತೆರೆದಾಗ ಅಂಚುಗಳು ತುಸು ಮೃದುವಾಗಿದ್ದವು; ಎಫ್/8ರಲ್ಲಿ ಸರಿಹೋದವು. ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 200, ಶಟರ್ 1/100 ಸೆಕೆಂಡ್ ಅಷ್ಟಮಿ ಚಂದ್ರನಿಗೆ ಒಪ್ಪಿತು. ಹುಣ್ಣಿಮೆಗೆ ಈ ಸಮಯದ ಕಾಲುಭಾಗ ಸಾಕು.

ಕಷ್ಟ ಇರುವುದು ಇದರ ತೂಕದಲ್ಲಿ, ಅದರಲ್ಲೂ ನಮ್ಮ ಊರುಗಳಲ್ಲಿ. ಉತ್ತರದ ದೇಶಗಳವರ ಸಲಹೆಗಳನ್ನು ಓದಿದವರಿಗೆ ಈ ತೊಂದರೆ ಗೊತ್ತಾಗುವುದಿಲ್ಲ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಫೆಬ್ರುವರಿ-ಮಾರ್ಚ್ ಅಷ್ಟಮಿಯ ಚಂದ್ರ ಸಂಜೆಗೆ ನೆತ್ತಿಯ ಆಸುಪಾಸಿನಲ್ಲೇ ಇರುತ್ತಾನೆ. ಗಾಳಿಯ ಪದರ ತೆಳುವಾಗಿರುವ ಜಾಗ ಅದು, ಚಿತ್ರಕ್ಕೆ ಒಳ್ಳೆಯದೇ. ಆದರೆ 1.9 ಕಿಲೋ ಲೆನ್ಸನ್ನು ನೆಟ್ಟಗೆ ಮೇಲಕ್ಕೆ ಎತ್ತಿ ನಿಲ್ಲಿಸಿದಾಗ ಟ್ರೈಪಾಡಿನ ತಲೆಯಲ್ಲಿರುವ ಸಾಮಾನ್ಯ ಬಾಲ್ ಹೆಡ್ ಮೆಲ್ಲನೆ ಬಾಗುತ್ತದೆ, ಚೌಕಟ್ಟಿನಿಂದ ಚಂದ್ರ ಜಾರುತ್ತಾನೆ. ಜೂಮ್ ಲಾಕ್ ಹಾಕದಿದ್ದರೆ ಲೆನ್ಸಿನ ಕೊಳವೆಯೂ ತನ್ನ ಭಾರಕ್ಕೆ ತಾನೇ ಕುಸಿಯಬಹುದು. ಸಿಗ್ಮಾ ಕೊಳ್ಳುವವರು ಗಟ್ಟಿ ಟ್ರೈಪಾಡಿನ ಬೆಲೆಯನ್ನೂ ಅದಕ್ಕೆ ಕೂಡಿಸಿಕೊಳ್ಳಲಿ.

ಇನ್ನು 100-400. ಮುಟ್ಟಿದ ಕೂಡಲೇ ದುಬಾರಿ ವಸ್ತುವೆಂದು ಕೈಗೆ ತಿಳಿಯುತ್ತದೆ. 400ರಲ್ಲಿ, ಎಫ್/5.6ರಲ್ಲೇ, ಅಂಚಿನಿಂದ ಅಂಚಿಗೆ ಹರಿತ. ಚಂದ್ರನ ಅಂಚಿನಲ್ಲಿ ನೇರಳೆ ಬಣ್ಣದ ಗೆರೆ ನನ್ನ ಕಣ್ಣಿಗೆ ಬೀಳಲಿಲ್ಲ. ಎಕ್ಸ್‌ಟೆಂಡರ್ ಹಾಕಿದರೆ 560 ಮಿ.ಮೀ., ಎಫ್/8. ವ್ಯೂಫೈಂಡರಿನ ಆಟೊಫೋಕಸ್ ಅನ್ನು ಮರೆತು ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ಕೈಯಿಂದಲೇ ಫೋಕಸ್ ಮಾಡಿದೆ. ಹಾಗೆ ತೆಗೆದ ಚಿತ್ರವನ್ನೂ ಸಿಗ್ಮಾದ ಎಫ್/8 ಚಿತ್ರವನ್ನೂ ಪಕ್ಕಪಕ್ಕ ಇಟ್ಟಾಗ ಬಣ್ಣ, ಗಡುಸುತನಗಳಲ್ಲಿ ಕ್ಯಾನನ್ ಒಂದು ಕೂದಲೆಳೆ ಮೇಲು, ಸೂಕ್ಷ್ಮಗಳಲ್ಲಿ ಎರಡೂ ಸಮ. ಆ ಕೂದಲೆಳೆಗೆ ಅಷ್ಟು ಹಣವೇ? ಹಕ್ಕಿಗಳ ಹಿಂದೆ ಓಡುವವರಿಗೆ ಬೇಕಾದೀತು. ಚಂದ್ರ ಎಲ್ಲಿಗೂ ಹಾರಿಹೋಗುವುದಿಲ್ಲ.

ಮಿರರ್ ಲೆನ್ಸ್ ನೋಡಲು ಮುದ್ದಾಗಿದೆ, ಗಿಡ್ಡಗಿದೆ, ಹಗುರವಾಗಿದೆ. ಗಾಜಿನ ಬದಲು ಕನ್ನಡಿಗಳು ಕೆಲಸ ಮಾಡುವುದರಿಂದ ಬಣ್ಣದ ಅಂಚಿನ ತೊಂದರೆ ಬಹುಮಟ್ಟಿಗೆ ಇಲ್ಲ. ಆದರೆ ನಡುವೆ ಕುಳಿತ ಚಿಕ್ಕ ಕನ್ನಡಿ ಬೆಳಕನ್ನೂ ಕಾಂಟ್ರಾಸ್ಟನ್ನೂ ಕದಿಯುತ್ತದೆ. ಚಿತ್ರ ನೀರು ಬೆರೆಸಿದ ಹಾಲಿನಂತಿತ್ತು. ಅಪರ್ಚರ್ ಬದಲಿಸುವಂತಿಲ್ಲ, ಫೋಕಸ್ ರಿಂಗ್ ಅನಂತವನ್ನು ದಾಟಿಯೂ ತಿರುಗುತ್ತದೆ, ತಾರಸಿ ತಣ್ಣಗಾಗುತ್ತಾ ಹೋದಂತೆ ಫೋಕಸ್ ತಾನಾಗಿ ಸರಿಯುತ್ತದೆ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿದ ಮೇಲೆ 250ಕ್ಕಿಂತ ಮುಂದೆ ನಿಂತಿತು, ಸಿಗ್ಮಾದ ಹತ್ತಿರ ಸುಳಿಯಲಿಲ್ಲ.

‘3,000 ಮಿ.ಮೀ.’ ಎಂದು ಹೇಳಿಕೊಳ್ಳುವ ನಿಕಾನ್ ಪಿ1000 ಬಗ್ಗೆ ಕೇಳುವವರು ಬಹಳ. ಅದರ ನಿಜವಾದ ಫೋಕಲ್ ಲೆಂತ್ 539 ಮಿ.ಮೀ., ಎಫ್/8. ಸೆನ್ಸರ್ ಪುಟ್ಟದಾದ್ದರಿಂದ ಚಂದ್ರ ಚೌಕಟ್ಟನ್ನು ತುಂಬಿ ಹೊರಗೂ ಚಾಚುತ್ತಾನೆ, ಅಷ್ಟೇ. ಮಕ್ಕಳಿಗೆ ತೋರಿಸಿ ಬೆರಗುಗೊಳಿಸಲು ಅದರಂಥದ್ದು ಇನ್ನೊಂದಿಲ್ಲ.

ಗ್ರಹಣದಲ್ಲಿ ಮಾತ್ರ ಈ ಸರದಿ ತಲೆಕೆಳಗಾಗುತ್ತದೆ. 2025ರ ಸೆಪ್ಟೆಂಬರ್ 7ರ ರಾತ್ರಿಯಂಥ ಸಂಪೂರ್ಣ ಗ್ರಹಣದಲ್ಲಿ ಕೆಂಪಾದ ಚಂದ್ರನಿಗೆ ಐಎಸ್‌ಒ 1,600 ಇಟ್ಟರೂ ಅರ್ಧ ಸೆಕೆಂಡಿನ ಆಸುಪಾಸು ಶಟರ್ ತೆರೆದಿರಬೇಕು. ಭೂಮಿ ತಿರುಗುವುದರಿಂದ ಆ ಅರ್ಧ ಸೆಕೆಂಡಿನಲ್ಲೇ 600ರ ಚಿತ್ರ ಆರು ಪಿಕ್ಸೆಲ್ ಜಾರುತ್ತದೆ, 250ರದು ಎರಡೂವರೆ. ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಇಲ್ಲದವರಿಗೆ ಆ ರಾತ್ರಿ ದೊಡ್ಡ ಲೆನ್ಸಿನ ಹಿರಿಮೆ ಅರ್ಧ ಕರಗಿಹೋಗುತ್ತದೆ. ಹಾಗಾಗಿ ಗ್ರಹಣಕ್ಕೆ ನನ್ನ ಮೊದಲ ಆಯ್ಕೆ ಎಕ್ಸ್‌ಟೆಂಡರ್ ಇಲ್ಲದ 100-400. ಅದು ಸಿಗದಿದ್ದರೆ ಚಿಕ್ಕದೇ ಸಾಕು.

ಬಿಸಿಲುಂಡ ಕಾಂಕ್ರೀಟ್ ತಾರಸಿ ಸಂಜೆ ಏಳಕ್ಕೆ ಇನ್ನೂ ಕಾವು ಬಿಡುತ್ತಿರುತ್ತದೆ. ಆಗ ಯಾವ ಲೆನ್ಸಿನಲ್ಲಿ ನೋಡಿದರೂ ಚಂದ್ರನ ಅಂಚು ನಡುಗುತ್ತದೆ, ನಾಲ್ಕಕ್ಕೂ ಒಂದೇ ಅಂಕ. ಒಂಬತ್ತರ ಮೇಲೆ ತೆಗೆದ ಚಿತ್ರಗಳನ್ನೇ ಹೋಲಿಕೆಗೆ ಇಟ್ಟುಕೊಂಡೆ. ಟ್ರೈಪಾಡಿನ ಮೇಲೆ ಲೆನ್ಸಿನ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಟ್ಟು, ಹತ್ತಾರು ಚಿತ್ರ ತೆಗೆದು ಆಟೊಸ್ಟ್ಯಾಕರ್ಟ್ ತಂತ್ರಾಂಶದಲ್ಲಿ ಒಟ್ಟುಗೂಡಿಸಿದರೆ ಚಿಕ್ಕ ಲೆನ್ಸಿನ ಚಿತ್ರವೂ ಗಮನಾರ್ಹವಾಗಿ ಸುಧಾರಿಸುತ್ತದೆ.

ನಾನಾದರೆ ಚಂದ್ರನೊಬ್ಬನಿಗಾಗಿ ಸಿಗ್ಮಾ ಆರಿಸುತ್ತೇನೆ, ಅದನ್ನೂ ಸೆಕೆಂಡ್ ಹ್ಯಾಂಡ್‌ನಲ್ಲಿ. ತಿಂಗಳಿಗೊಮ್ಮೆ ಆಸೆಯಾಗುವವರಿಗೆ ಅಷ್ಟಮಿಯ ವಾರಾಂತ್ಯದ ಬಾಡಿಗೆಯೇ ಲಾಭ. ಹಳೆಯದನ್ನು ಕೊಳ್ಳುವಾಗ, ಮುಖ್ಯವಾಗಿ ಕರಾವಳಿ ಅಥವಾ ಮಲೆನಾಡಿನಿಂದ ಬಂದದ್ದಾದರೆ, ಹಿಂದಿನಿಂದ ಟಾರ್ಚ್ ಬಿಟ್ಟು ಒಳಗಿನ ಗಾಜಿನಲ್ಲಿ ಜೇಡರ ಬಲೆಯಂತೆ ಹಬ್ಬಿದ ಬೂಸ್ಟು ಇದೆಯೇ ನೋಡಿಕೊಳ್ಳಿ. ಜೂಮನ್ನು 600ಕ್ಕೆ ಎಳೆದು ಲೆನ್ಸನ್ನು ಮೇಲಕ್ಕೆತ್ತಿ ಲಾಕ್ ಹಿಡಿಯುತ್ತದೆಯೇ ಎಂಬುದನ್ನೂ ಅಲ್ಲೇ ಪರೀಕ್ಷಿಸಿ.