ಟೊಳ್ಳೊಡಲಿನ ಗಿಟಾರ್, ಐದು ವ್ಯಾಟಿನ ಟ್ಯೂಬ್ ಆಂಪ್: ಮೂರನೇ ಫ್ರೆಟ್ಟಿನ ತಂಟೆ

ಗಿಟಾರಿನ ಅತಿ ದಪ್ಪ ತಂತಿಯ ಮೂರನೇ ಫ್ರೆಟ್ಟಿನಲ್ಲಿ (ಫ್ರೆಟ್ ಎಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಸಿಗುವ ಜಿ ಸ್ವರದ ಆವೃತ್ತಿ 98 ಹರ್ಟ್ಸ್. ನನ್ನ ಹಾಲೋ-ಬಾಡಿ ಗಿಟಾರಿನ ಒಡಲೊಳಗಿನ ಗಾಳಿಯೂ ಹೆಚ್ಚುಕಡಿಮೆ ಅದೇ ಆವೃತ್ತಿಗೆ ಅನುರಣಿಸುತ್ತದೆ. ಹೀಗಾಗಿ ಅಕ್ಕಪಕ್ಕದ ಸ್ವರಗಳೆಲ್ಲ ಮರ್ಯಾದೆಯಿಂದ ನುಡಿದು ಮುಗಿಯುವಾಗ ಈ ಒಂದು ಸ್ವರ ಮಾತ್ರ ಉಬ್ಬಿ, ಬೆರಳಿನ ಹಿಡಿತ ಮೀರಿ, ಎದುರಿಗಿರುವ ಪುಟ್ಟ ಟ್ಯೂಬ್ ಆಂಪ್ಲಿಫೈಯರನ್ನೂ (ಗಾಜಿನ ನಿರ್ವಾತ ನಳಿಕೆಗಳಿಂದ ಸದ್ದು ಹಿಗ್ಗಿಸುವ ಪೆಟ್ಟಿಗೆ) ತನ್ನ ಜೊತೆಗೆ ಎಳೆದುಕೊಂಡು ಗುಂಯ್‌ಗುಡತೊಡಗುತ್ತದೆ. ವರ್ಷಗಳ ಬಳಕೆಯ ನಂತರ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ಮೆಚ್ಚುಗೆಗೆ ಕೊರತೆಯಿಲ್ಲ. ಆದರೆ ಆ ಜಿ ಸ್ವರದ ಲೆಕ್ಕ ಚುಕ್ತಾ ಮಾಡದೆ ಮೆಚ್ಚುಗೆಗೆ ಕೈಹಾಕುವುದು ನ್ಯಾಯವಲ್ಲ.

ಗಿಟಾರ್ 1949ರಲ್ಲಿ ಗಿಬ್ಸನ್ ಹೊರತಂದ ಇಎಸ್-175ರ ಮೇಲ್ಪಂಕ್ತಿಯನ್ನು ಅನುಸರಿಸಿದ್ದು: ಪದರಪದರವಾಗಿ ಅಂಟಿಸಿದ ಮೇಪಲ್ ಹಲಗೆ, ಪೂರ್ಣ ಆಳದ ಟೊಳ್ಳು ಒಡಲು, ಮೇಲ್ಹಲಗೆಯಲ್ಲಿ ಎರಡು ಎಫ್-ರಂಧ್ರಗಳು (ಎಫ್ ಆಕಾರದ ತೆರಪುಗಳು), ತಂತಿಗಳ ಒತ್ತಡದಿಂದಲೇ ನಿಂತಿರುವ ಮರದ ಬ್ರಿಜ್ (ತಂತಿಗಳು ಹಾಯುವ ಕುದುರೆ), ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಎರಡು ಹಂಬಕರ್ (ಜೋಡಿ ಸುರುಳಿಯ) ಪಿಕಪ್‌ಗಳು. ಆಂಪ್‌ನ ಸರ್ಕ್ಯೂಟ್ ಐವತ್ತರ ದಶಕದ ಫೆಂಡರ್ ಚಾಂಪ್‌ನ ಮಾದರಿಯದು. ಒಳಗೆ ಮೂರು ಟ್ಯೂಬ್: ಸಿಗ್ನಲ್ ಹಿಗ್ಗಿಸಲು ಒಂದು 12ಎಎಕ್ಸ್7, ಸ್ಪೀಕರಿಗೆ ಶಕ್ತಿ ಕೊಡಲು ಒಂದು 6ವಿ6, ಎಸಿ ವಿದ್ಯುತ್ತನ್ನು ಡಿಸಿ ಆಗಿಸುವ ರೆಕ್ಟಿಫೈಯರ್ ಆಗಿ 5ವೈ3, ಎಂಟು ಇಂಚಿನ ಸ್ಪೀಕರ್, ಸುಮಾರು ಐದು ವ್ಯಾಟ್. ಹೊರಗೆ ತಿರುಗಿಸಲು ಇರುವುದು ವಾಲ್ಯೂಮ್ ಗುಂಡಿಯೊಂದೇ. ಇವುಗಳನ್ನು ತಯಾರಿಸಿದವರ ಹೆಸರು ಇಲ್ಲಿ ಮುಖ್ಯವಲ್ಲ, ಏಕೆಂದರೆ ಮುಂದೆ ಹೇಳುವ ಗುಣದೋಷಗಳು ಆ ಹೆಸರಿನವಲ್ಲ, ಈ ವರ್ಗದವು.

ಐದು ವ್ಯಾಟ್ ಎಂದರೆ ಪಿಸುಮಾತು ಎಂದು ತಿಳಿದವರು ಅನೇಕರು. ಕಿವಿಗೆ ಸದ್ದು ಎರಡು ಪಟ್ಟಾಯಿತು ಎನಿಸಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು. ಆದ್ದರಿಂದ ಅದೇ ಸ್ಪೀಕರಿನ ಮೂಲಕ ಕೇಳಿದರೆ ಐವತ್ತು ವ್ಯಾಟಿನ ಆಂಪ್‌ಗೆ ಹೋಲಿಸಿದಾಗ ಇದರ ಸದ್ದು ಅರ್ಧದಷ್ಟಿರುತ್ತದೆಯೇ ಹೊರತು ಹತ್ತನೇ ಒಂದರಷ್ಟಲ್ಲ. ಚಿಕ್ಕ ಕೋಣೆಯಲ್ಲಿ ಇದನ್ನು ಪೂರ್ಣ ತೆರೆದರೆ ಬಾಗಿಲ ಆಚೆಯವರು ತಪ್ಪದೆ ತಕರಾರು ತೆಗೆಯುತ್ತಾರೆ. ನಿಜವಾಗಿ ಕಡಿಮೆಯಿರುವುದು ಸದ್ದಲ್ಲ, ಸ್ವಚ್ಛ ನಾದಕ್ಕೆ ಉಳಿಯುವ ಜಾಗ. ಹಂಬಕರ್‌ಗಳು ಕೊಡುವ ಬಲವಾದ ಸಿಗ್ನಲ್‌ಗೆ ಈ ಆಂಪ್ ಗುಂಡಿಯ ಮೂರನೇ ಒಂದು ಭಾಗ ದಾಟುವಷ್ಟರಲ್ಲೇ ಒರಟಾಗತೊಡಗುತ್ತದೆ, ಮತ್ತು ಆ ಒರಟುತನ ಮೊದಲು ಕಾಣಿಸಿಕೊಳ್ಳುವುದು ಮಂದ್ರ ಸ್ವರಗಳಲ್ಲಿ. ದಪ್ಪ ತಂತಿಗಳ ಮೇಲೆ ನಾಲ್ಕು ಸ್ವರಗಳ ಜಾಜ್ ಕಾರ್ಡ್ ಹಿಡಿದರೆ, ಒಳಗಿನ ಸ್ವರಗಳು ಒಂದನ್ನೊಂದು ನೂಕಾಡಿ ಕಲಸಿಹೋಗುತ್ತವೆ.

ಇನ್ನು ಫೀಡ್‌ಬ್ಯಾಕ್. ಸ್ಪೀಕರಿನ ಸದ್ದು ಗಿಟಾರಿನ ಮೇಲ್ಹಲಗೆಯನ್ನು ಅಲುಗಿಸುತ್ತದೆ, ಹಲಗೆ ಬ್ರಿಜ್ಜಿನ ಮೂಲಕ ತಂತಿಯನ್ನು ಅಲುಗಿಸುತ್ತದೆ, ಪಿಕಪ್ ಅದನ್ನು ಮತ್ತೆ ಆಂಪ್‌ಗೆ ಒಪ್ಪಿಸುತ್ತದೆ. ಟ್ಯೂಬ್ ಆಂಪ್ ಒತ್ತಡಕ್ಕೆ ಸಿಕ್ಕಾಗ ದೊಡ್ಡ ಸ್ವರವನ್ನು ಅದುಮಿ, ಕ್ಷೀಣಿಸುವ ಸ್ವರವನ್ನು ತುಲನಾತ್ಮಕವಾಗಿ ಎತ್ತಿಹಿಡಿಯುವುದರಿಂದ, ತಂತಿ ಮೀಟಿದ ಕ್ಷಣದಲ್ಲಿ ಏನೂ ಆಗದೆ, ಸ್ವರ ಇನ್ನೇನು ಮುಗಿಯಿತು ಎನ್ನುವಾಗ ಗುಂಯ್‌ಗಾಟ ತಲೆಯೆತ್ತುತ್ತದೆ. ಆಂಪ್ ಚಿಕ್ಕದೆಂಬ ಕಾರಣಕ್ಕೆ ನಾವು ಅದರ ಎದುರೇ, ಮೊಣಕಾಲಿನ ದೂರದಲ್ಲಿ ಕುಳಿತುಕೊಳ್ಳುತ್ತೇವಲ್ಲ, ಅದೂ ಬೆಂಕಿಗೆ ತುಪ್ಪ ಸುರಿದಂತೆ. ಈ ತೊಂದರೆ ಹೊಸದೇನಲ್ಲ. ಗಿಬ್ಸನ್ನಿನದೇ ಆದ 1958ರ ಇಎಸ್-335 ಗಿಟಾರಿನ ಒಡಲಿನ ನಡುವೆ ಮರದ ದಿಮ್ಮಿಯೊಂದನ್ನು ಕೂರಿಸಿದ್ದಕ್ಕೆ ಇದೇ ಮುಖ್ಯ ಕಾರಣ, ಬ್ಲೂಸ್ ಗಿಟಾರ್ ವಾದಕ ಬಿ. ಬಿ. ಕಿಂಗ್ ಹೆಸರಿನ ಲೂಸಿಲ್ ಮಾದರಿಯಲ್ಲಿ ಎಫ್-ರಂಧ್ರಗಳನ್ನೇ ಕೈಬಿಟ್ಟದ್ದೂ ಇದಕ್ಕಾಗಿಯೇ. ಕೆಲವು ತಿಂಗಳ ಕಾಲ ನನಗೆ ಈ ಜೋಡಿಯ ಮೇಲೆ ನಿಜಕ್ಕೂ ಜಿಗುಪ್ಸೆ ಹುಟ್ಟಿತ್ತು. ಒಂದೇ ಸ್ವರಕ್ಕೆ ಹೆದರಿ ಜಿ ಶ್ರುತಿಯ ರಚನೆಗಳನ್ನೆಲ್ಲ ಎ-ಫ್ಲ್ಯಾಟ್‌ಗೋ ಬಿ-ಫ್ಲ್ಯಾಟ್‌ಗೋ ಏರಿಸಿ ನುಡಿಸುವುದು ಯಾವ ವಾದ್ಯಗಾರನಿಗೂ ಶೋಭಿಸುವ ವಿಷಯವಲ್ಲ.

ಪರಿಹಾರಗಳಲ್ಲಿ ಖರ್ಚಿಲ್ಲದ್ದೇ ಹೆಚ್ಚು ಫಲ ಕೊಟ್ಟಿತು. ಆಂಪನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಟ್ಟು, ಗೋಡೆಯ ಮೂಲೆಯಿಂದ ಈಚೆಗೆ ತಂದು, ಗಿಟಾರಿನ ಎದೆ ಅದಕ್ಕೆ ನೇರವಾಗಿ ತೋರದಂತೆ ಓರೆಯಾಗಿ ಕುಳಿತರೆ ಅರ್ಧ ಗುಂಯ್‌ಗಾಟ ಅಡಗುತ್ತದೆ. ಹಾಗೆಂದು ಎಫ್-ರಂಧ್ರಗಳಿಗೆ ರಬ್ಬರ್ ಮುಚ್ಚಳ ಹಾಕುವುದನ್ನು ನಾನು ಶಿಫಾರಸು ಮಾಡಲಾರೆ. ಜಿ ಸ್ವರ ತಣ್ಣಗಾಗುವುದು ನಿಜ, ಆದರೆ ವಾದ್ಯದ ಉಸಿರೂ ಕಟ್ಟುತ್ತದೆ. 12ಎಎಕ್ಸ್7ರ ವರ್ಧನಾಂಶ, ಅಂದರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ನೂರು. ಅದೇ ಸಾಕೆಟ್ಟಿಗೆ ವರ್ಧನಾಂಶ ಎಪ್ಪತ್ತಿರುವ 5751 ಟ್ಯೂಬ್ ಅಥವಾ ಅದಕ್ಕೂ ಸೌಮ್ಯವಾದ 12ಎವೈ7 ಹಾಕಿದರೆ ಗುಂಡಿ ತಿರುಗಿಸಲು ಇನ್ನಷ್ಟು ಅವಕಾಶ ದೊರೆಯುತ್ತದೆ. ಆಂಪ್‌ನ ಗರಿಷ್ಠ ಶಕ್ತಿ ಇದರಿಂದ ಕಡಿಮೆಯಾಗುವುದಿಲ್ಲ; ಅಲ್ಲಿಗೆ ತಲುಪುವ ಹಾದಿ ಮಾತ್ರ ನಿಧಾನವಾಗುತ್ತದೆ. ನನ್ನಲ್ಲಿ 12ಎವೈ7 ಉಳಿದುಕೊಂಡಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಒಂದು ಚಿಕ್ಕ ಕೆಪಾಸಿಟರಿನಿಂದ ಬಂತು. ಮೊದಲ ಹಂತದಿಂದ ವಾಲ್ಯೂಮ್ ಗುಂಡಿಗೆ ಸಿಗ್ನಲ್ ದಾಟಿಸುವ ಕಪ್ಲಿಂಗ್ ಕೆಪಾಸಿಟರ್ ಮೂಲತಃ 0.022 ಮೈಕ್ರೋಫ್ಯಾರಡ್‌ನದಾಗಿತ್ತು. ಅದನ್ನು 0.0022ಕ್ಕೆ ಇಳಿಸಿದಾಗ, ಒಂದು ಮೆಗಾಓಮ್‌ನ ಆ ಗುಂಡಿಯೊಂದಿಗೆ ಸೇರಿ, ಸುಮಾರು 70 ಹರ್ಟ್ಸ್‌ನ ಆಸುಪಾಸಿನಿಂದ ಕೆಳಗಿನದು ಕ್ರಮೇಣ ಇಳಿಯತೊಡಗುತ್ತದೆ. ಈ ಇಳಿತ ನಿಧಾನವಾದ್ದರಿಂದ 98 ಹರ್ಟ್ಸ್‌ಗೂ ಅದರ ಪ್ರಭಾವ ಸ್ವಲ್ಪ ತಟ್ಟುತ್ತದೆ. ಜಿ ಸ್ವರ ಹೋಗಲಿಲ್ಲ, ಸಾಲಿನಲ್ಲಿ ಬಂದು ನಿಂತಿತು. ಈ ಕೆಲಸವನ್ನು ಬಲ್ಲ ತಂತ್ರಜ್ಞರಿಂದಲೇ ಮಾಡಿಸಬೇಕು. ಇಂಥ ಆಂಪ್‌ಗಳ ಒಳಗೆ 300 ವೋಲ್ಟ್‌ಗೂ ಮೀರಿದ ವಿದ್ಯುತ್ ಇರುತ್ತದೆ, ಮತ್ತು ಪ್ಲಗ್ ಕಿತ್ತ ನಂತರವೂ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಲ್ಲವು.

ಇಷ್ಟು ಪಳಗಿದ ಮೇಲೆಯೇ ಈ ಜೋಡಿಯ ನಿಜವಾದ ಸುಖ ನನಗೆ ಸಿಕ್ಕಿದ್ದು. ದಿನವೂ ಸ್ವಿಚ್ ಹಾಕಿದ ಮೇಲೆ ಟ್ಯೂಬ್‌ಗಳು ಕಾಯಲು ಅರ್ಧ ನಿಮಿಷದಷ್ಟಾದರೂ ಬೇಕು. ಆ ಹೊತ್ತಿನಲ್ಲಿ ನಾನು ಕೇಬಲ್ ಚುಚ್ಚದೆ ಗಿಟಾರಿನ ಶ್ರುತಿ ಮಾಡಿಕೊಳ್ಳುತ್ತೇನೆ. ಟೊಳ್ಳು ಒಡಲಿನ ಸ್ವಂತ ದನಿ ಅದಕ್ಕೆ ಧಾರಾಳವಾಗಿ ಸಾಕು. ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರಿದೆ ಮುಟ್ಟಿ ಮೀಟಿದಾಗ ಬರುವ ಸ್ವರ) ಮತ್ತು ಅಲ್ಲಿಯೇ ಒತ್ತಿ ನುಡಿಸಿದ ಸ್ವರ ಎರಡೂ ಒಂದೇ ಎತ್ತರದಲ್ಲಿವೆಯೇ ಎಂದು ನೋಡುತ್ತೇನೆ, ಏಕೆಂದರೆ ಬ್ರಿಜ್‌ಗೆ ಮೊಳೆಯಿಲ್ಲ, ಅಂಗೈ ತಗುಲಿದರೂ ಅದು ಕೂದಲೆಳೆಯಷ್ಟು ಸರಿದಿರುತ್ತದೆ. ಸರಿದಿದ್ದರೆ ತಂತಿಗಳನ್ನು ತುಸು ಸಡಿಲಿಸಿ, ಹೆಬ್ಬೆರಳಿನಿಂದ ಅದರ ಬುಡವನ್ನು ಮೆಲ್ಲಗೆ ತಳ್ಳಿ, ಮತ್ತೆ ಬಿಗಿದು ಪರೀಕ್ಷಿಸಬೇಕು. ಅಷ್ಟರಲ್ಲಿ ಆಂಪ್‌ನ ಹಿಂಬದಿಯ ಸಂದಿಯಲ್ಲಿ ಕಿತ್ತಳೆ ಬೆಳಕು ನಿಂತಿರುತ್ತದೆ, ಸ್ಪೀಕರಿನಿಂದ ಸಣ್ಣ ಹಮ್ ಬರತೊಡಗಿರುತ್ತದೆ. ಕೇಬಲ್ ಸಿಕ್ಕಿಸಿ, ಆಂಪನ್ನು ಕಾಲು ಭಾಗಕ್ಕೆ ನಿಲ್ಲಿಸಿ, ಉಳಿದೆಲ್ಲವನ್ನೂ ಗಿಟಾರಿನ ಗುಂಡಿಯಿಂದಲೇ ನಿಭಾಯಿಸುತ್ತೇನೆ.

ಆಗ ಕೇಳಿಸುವುದು ಒಂದಲ್ಲ, ಎರಡು ನಾದ. ಎಫ್-ರಂಧ್ರಗಳಿಂದ ನೇರವಾಗಿ ಬರುವ ಮರದ ದನಿ, ಅದರಲ್ಲೂ ಮಿಜ್ರಾಬಿನ ಮೊದಲ ತಾಗು. ಎದುರಿನಿಂದ ಬರುವ ಟ್ಯೂಬಿನ ದುಂಡಗಿನ ದನಿ. ದೊಡ್ಡ ಆಂಪ್ ಎದುರಿಗಿದ್ದರೆ ಎರಡನೆಯದು ಮೊದಲನೆಯದನ್ನು ನುಂಗಿಬಿಡುತ್ತದೆ. ಗಟ್ಟಿ ಒಡಲಿನ ಗಿಟಾರಿನಲ್ಲಿ ಮೊದಲನೆಯದು ಹೆಚ್ಚುಕಡಿಮೆ ಇರುವುದೇ ಇಲ್ಲ. ಮೆಲು ಸದ್ದಿನಲ್ಲಿ ಇವೆರಡೂ ಸಮತೂಕಕ್ಕೆ ಬರುವ ಒಂದು ಬಿಂದುವಿದೆ, ಅಲ್ಲಿ ಪ್ರತಿ ಸ್ವರದ ಆರಂಭ ಮರದ್ದು, ಬಾಲ ಟ್ಯೂಬಿನದು. ಲೋಹದ ಚಪ್ಪಟೆ ಪಟ್ಟಿ ಸುತ್ತಿದ 12ರ (ಅತಿ ತೆಳು ತಂತಿ 0.012 ಇಂಚು ದಪ್ಪದ) ತಂತಿಗಳನ್ನು ಹಾಕಿ, ಮೂರನೇ ತಂತಿಯನ್ನೂ ಸುತ್ತಿದ್ದೇ ಇಟ್ಟುಕೊಂಡ ಮೇಲೆ ಬೆರಳು ಜಾರುವ ಕೀಚಲು ಸದ್ದೂ ನಿಂತು, ಈ ಬೆರಕೆ ಇನ್ನೂ ನಿಚ್ಚಳವಾಯಿತು. ಇದನ್ನು ಮುದ್ರಿಸಿಕೊಳ್ಳುವುದು ಮಾತ್ರ ಸುಲಭವಲ್ಲ: ಸ್ಪೀಕರಿನ ಮುಂದೆ ಮೈಕ್ ಇಟ್ಟರೆ ಅರ್ಧ ನಾದವಷ್ಟೇ ದಾಖಲಾಗುತ್ತದೆ, ಗಿಟಾರಿನ ಮುಂದೆ ಎರಡನೆಯ ಮೈಕ್ ಬೇಕೇ ಬೇಕು.

ಗಿಟಾರಿನ ವಾಲ್ಯೂಮ್ ಇಳಿಸಿದಾಗ ತಾರಸ್ವರಗಳ ಹೊಳಪು ಮಂಕಾಗುವುದು ಇಲ್ಲಿ ಬೇರೆಡೆಗಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ಆಂಪ್‌ನಲ್ಲಿ ಅದನ್ನು ಸರಿದೂಗಿಸಲು ಟೋನ್ ಗುಂಡಿಯಿಲ್ಲ. ಟೋನ್ ಕೆಪಾಸಿಟರನ್ನು ವಾಲ್ಯೂಮ್ ಗುಂಡಿಯ ಔಟ್‌ಪುಟ್ ತುದಿಗೆ ಬೆಸೆಯುವ ಐವತ್ತರ ದಶಕದ ವೈರಿಂಗ್ ಮತ್ತು ಗಿಡ್ಡ ಕೇಬಲ್, ಇವೆರಡರಿಂದ ನನಗೆ ಸಾಕಷ್ಟು ಉಪಶಮನ ದೊರೆತಿದೆ. ಇನ್ನೊಂದು ನಿರಂತರ ಕಿರಿಕಿರಿ ಎಂದರೆ ಗಿರಗಿರ ಸದ್ದು. ಬ್ರಿಜ್ಜಿನ ತಿರುಪು, ಪಿಕ್‌ಗಾರ್ಡಿನ ಕೊಂಡಿ, ಆಂಪ್‌ನ ಹಿಂಬದಿಯ ಹಲಗೆ, ಇವುಗಳಲ್ಲಿ ಯಾವುದಾದರೊಂದು ಸದಾ ಸಡಿಲವಾಗಿರುತ್ತದೆ. ಅದೇ ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತಾ ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿದರೆ ಅಪರಾಧಿ ಸಿಕ್ಕಿಬೀಳುತ್ತದೆ. ಏನನ್ನು ಒತ್ತಿದರೂ ಸದ್ದು ನಿಲ್ಲದಿದ್ದರೆ ಪೆನ್ಸಿಲಿನ ಹಿಂತುದಿಯಿಂದ ಟ್ಯೂಬನ್ನು ಮೆಲ್ಲನೆ ತಟ್ಟಿ. ಸ್ಪೀಕರಿನಲ್ಲಿ ಗಂಟೆಯಂತೆ ಕೇಳಿಸಿದರೆ ಆ ಟ್ಯೂಬ್ ಬದಲಿಸುವ ಕಾಲ ಬಂದಿದೆ.

ಹನ್ನೆರಡು ಇಂಚಿನ ಸ್ಪೀಕರಿರುವ ಪ್ರತ್ಯೇಕ ಪೆಟ್ಟಿಗೆಗೆ ಈ ಆಂಪನ್ನು ಜೋಡಿಸಿಯೂ ಕೇಳಿದ್ದೇನೆ. ನಾದಕ್ಕೆ ಘನತೆ ಬಂತು, ಅದರ ಹಿಂದೆಯೇ ಜಿ ಸ್ವರವೂ ಹಳೆಯ ಪುಂಡಾಟಿಕೆಗೆ ಮರಳಿತು. ಎಂಟು ಇಂಚಿನ ಸ್ಪೀಕರ್ ಆಳದ ಮಂದ್ರವನ್ನು ಸರಿಯಾಗಿ ನುಡಿಸಲಾರದ್ದೇ ಈ ಗಿಟಾರಿನ ಮಟ್ಟಿಗೆ ಅದರ ದೊಡ್ಡ ಗುಣ. ಪ್ರಯೋಗ ಮಾಡುವವರು ಸ್ಪೀಕರಿನ ಮತ್ತು ಆಂಪಿನ ಓಮ್ (ವಿದ್ಯುತ್ ತಡೆ) ಲೆಕ್ಕ ಹೊಂದಿಸಿಕೊಳ್ಳಲಿ, ಸ್ಪೀಕರ್ ಜೋಡಿಸದೆ ಆಂಪ್ ಚಾಲೂ ಮಾಡದಿರಲಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ರಿಪೇರಿಯ ಖರ್ಚು ಆಂಪ್‌ನ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ.

ಡ್ರಮ್ ಇರುವ ತಂಡದಲ್ಲಿ ನುಡಿಸುವವರು ಈ ಜೋಡಿಯನ್ನು ಕೊಳ್ಳಬೇಡಿ. ಅಲ್ಲಿ ಸ್ವಚ್ಛ ನಾದ ಬೇಕೆಂದರೆ ಎರಡು 6ವಿ6ಗಳಿರುವ, ಇಪ್ಪತ್ತು ವ್ಯಾಟಿನ ಆಸುಪಾಸಿನ ಆಂಪ್ ಮತ್ತು ನಡುವೆ ದಿಮ್ಮಿಯಿರುವ ಗಿಟಾರ್ ನಿಮ್ಮ ಹಣಕ್ಕೆ ಹೆಚ್ಚು ನ್ಯಾಯ ಒದಗಿಸುತ್ತವೆ. ಒಬ್ಬರೇ ಕುಳಿತು ಕಾರ್ಡ್ ಮತ್ತು ರಾಗವನ್ನು ಒಟ್ಟಿಗೆ ನುಡಿಸುವವರು ಕೊಳ್ಳಬಹುದು, ಆದರೆ ಖರೀದಿಗೆ ಮುನ್ನ ಗಿಟಾರನ್ನು ಆಂಪ್‌ಗೆ ಸಿಕ್ಕಿಸಿ, ದಪ್ಪ ತಂತಿಯ ಎರಡನೇ ಫ್ರೆಟ್ಟಿನಿಂದ ಏಳನೆಯದರವರೆಗೆ ಒಂದೊಂದೇ ಸ್ವರವನ್ನು ಪೂರ್ತಿ ಆರುವವರೆಗೆ ಬಿಟ್ಟು ಕೇಳಿ. ಪ್ರತಿ ಗಿಟಾರಿನಲ್ಲೂ ಆ ತಂಟೆಕೋರ ಸ್ವರ ಬೇರೆ ಫ್ರೆಟ್ಟಿನಲ್ಲಿರಬಹುದು, ಮತ್ತು ನೀವು ಹೆಚ್ಚಾಗಿ ನುಡಿಸುವ ಶ್ರುತಿಯಲ್ಲಿ ಅದು ಷಡ್ಜವಾಗಿ ಕೂತಿದ್ದರೆ ಬೇರೆ ಗಿಟಾರ್ ನೋಡುವುದು ಮೇಲು.