ಎಲ್‌ಪಿ ಕೇಳುವವರಿಗೆ ಕೈಗೆಟಕುವ ಫೋನೋ ಪ್ರೀಆಂಪ್: ಎಆರ್‌ಟಿ ಡಿಜೆ ಪ್ರೀ 2

ಚಿಕ್ಕಮಗಳೂರಿನ ಹಳೆಯ ಮನೆಗಳ ಬೀರುಗಳಲ್ಲಿ ಎಲ್‌ಪಿ ರೆಕಾರ್ಡುಗಳು ಇನ್ನೂ ಉಳಿದಿವೆ. ಅವುಗಳನ್ನು ಮತ್ತೆ ಕೇಳಬೇಕೆಂದು ಹೊಸ ಟರ್ನ್‌ಟೇಬಲ್ ಕೊಂಡವರು ಫೋನೋ ಪ್ರೀಆಂಪ್ (ಟರ್ನ್‌ಟೇಬಲ್‌ನ ಕ್ಷೀಣ ಸಿಗ್ನಲನ್ನು ಆಂಪ್ಲಿಫೈಯರ್‌ಗೆ ಒಪ್ಪುವಂತೆ ಹಿಗ್ಗಿಸಿಕೊಡುವ ಪೆಟ್ಟಿಗೆ) ಆರಿಸುವಾಗ ಹೆಚ್ಚಾಗಿ ಬೆಲೆಯನ್ನಷ್ಟೇ ನೋಡುತ್ತಾರೆ. ಆದರೆ ಕಡಿಮೆ ಬೆಲೆಯ ಪ್ರೀಆಂಪ್‌ನಲ್ಲಿ ಮೊದಲು ನೋಡಬೇಕಾದದ್ದು, ನಮ್ಮಲ್ಲಿರುವ ಕಾರ್ಟ್ರಿಜ್‌ಗೆ (ಸೂಜಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ) ಅದನ್ನು ಎಷ್ಟರಮಟ್ಟಿಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು. ಹಾಗೆ ನೋಡಿದಾಗ ಅಮೆರಿಕದ ಎಆರ್‌ಟಿ ಕಂಪನಿಯ ಡಿಜೆ ಪ್ರೀ 2 ನನಗೆ ಬಹಳ ಹಿಡಿಸಿದೆ.

ಕೊಳ್ಳುವ ಮೊದಲು ಅದರ ಅಗತ್ಯವಿದೆಯೇ ಎಂದು ನೋಡಿಕೊಳ್ಳಬೇಕು. ಆಡಿಯೋ ಟೆಕ್ನಿಕಾದ ಎಲ್‌ಪಿ60ಎಕ್ಸ್‌ನಂಥ ಟರ್ನ್‌ಟೇಬಲ್‌ಗಳ ಒಳಗೇ ಪ್ರೀಆಂಪ್ ಇರುತ್ತದೆ. ಹಳೆಯ ಸೂಟ್‌ಕೇಸ್ ಮಾದರಿಯ ಪ್ಲೇಯರ್‌ಗಳಲ್ಲಿ ಬಹುಪಾಲು ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್ ಇದ್ದು, ಅವುಗಳ ಸಿಗ್ನಲ್ ತಾನೇ ಜೋರಾಗಿರುವುದರಿಂದ ಫೋನೋ ಪ್ರೀಆಂಪ್ ಬೇಕಾಗುವುದಿಲ್ಲ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್‌ನಿಂದ ಬರುವ ಸಿಗ್ನಲ್ ಸುಮಾರು 3ರಿಂದ 6 ಮಿಲಿವೋಲ್ಟ್ ಮಾತ್ರ. ಅದನ್ನು ನೂರು ಪಟ್ಟಿನಷ್ಟು, ಅಂದರೆ 40 ಡೆಸಿಬೆಲ್, ಹಿಗ್ಗಿಸಿದರೂ ಕೆಲಸ ಮುಗಿಯುವುದಿಲ್ಲ. ರೆಕಾರ್ಡು ಕೊರೆಯುವಾಗ ಗೀರುಗಳು ಅಗಲವಾಗಿ ಹರಡದಿರಲೆಂದು ಮಂದ್ರ ಸ್ವರಗಳನ್ನು ತಗ್ಗಿಸಿ, ಮೇಲ್ಮೈಯ ಸರಸರ ಸದ್ದು ಕಡಿಮೆಯಾಗಲೆಂದು ತಾರ ಸ್ವರಗಳನ್ನು ಎತ್ತಿರುತ್ತಾರೆ. 1954ರಿಂದ ಬಳಕೆಗೆ ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡು ಕಂಪನಿಗಳ ಸಂಘ) ಮಾನದಂಡದಂತೆ ಆ ಏರಿಳಿತವನ್ನು ಪ್ರೀಆಂಪ್ ಉಲ್ಟಾ ಮಾಡಿ ಸರಿಪಡಿಸಬೇಕು. ಟರ್ನ್‌ಟೇಬಲನ್ನು ನೇರವಾಗಿ ಆಂಪ್ಲಿಫೈಯರ್‌ನ ಆಕ್ಸ್ ಎಂಬ ಸಾಮಾನ್ಯ ಇನ್‌ಪುಟ್‌ಗೆ ಸಿಕ್ಕಿಸಿದಾಗ ಮೃದಂಗದ ಎಡಗಡೆಯ ತೊಪ್ಪಿ ಕೇಳಿಸದೆ ತಾಳದ ಕಿಣಿಕಿಣಿ ಮಾತ್ರ ಕೇಳಿಸುವುದು ಇದೇ ಕಾರಣಕ್ಕೆ.

ಈ ಪ್ರೀಆಂಪನ್ನು ನಾನು ಮೆಚ್ಚಲು ಮುಖ್ಯ ಕಾರಣ ಮುಂಭಾಗದಲ್ಲಿರುವ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜನ್ನು ಹಿಡಿದಿಡುವ ಗುಣ, ಅಳತೆ ಪಿಕೋಫ್ಯಾರಡ್‌ಗಳಲ್ಲಿ) ಸ್ವಿಚ್. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಿಗೆ 47 ಕಿಲೋಓಮ್ ಲೋಡ್ (ಪ್ರೀಆಂಪ್ ಒಡ್ಡುವ ವಿದ್ಯುತ್ ತಡೆ) ಬೇಕೆಂಬುದು ಎಲ್ಲ ಕಂಪನಿಗಳೂ ಪಾಲಿಸುವ ನಿಯಮ. ಆದರೆ ಕೆಪಾಸಿಟೆನ್ಸ್ ಒಂದೊಂದಕ್ಕೆ ಒಂದೊಂದು ಬಗೆ. ಆಡಿಯೋ ಟೆಕ್ನಿಕಾ ವಿಎಂ95ಇ ಕೇಳುವುದು 100ರಿಂದ 200 ಪಿಕೋಫ್ಯಾರಡ್, ಆರ್ಟೊಫೋನ್ 2ಎಂ ರೆಡ್ ಕೇಳುವುದು 150ರಿಂದ 300. ಇದರಲ್ಲಿ ವೈರಿನ ಪಾಲೂ ಸೇರುತ್ತದೆ. ವೈರಿನದೇ 100 ಇದ್ದರೆ, ವಿಎಂ95ಇ ಇರುವವರು ಸ್ವಿಚ್ಚನ್ನು 100ಕ್ಕೆ ಇಟ್ಟಾಗ ಒಟ್ಟು 200 ಆಗಿ ಮಿತಿಯೊಳಗೇ ಉಳಿಯುತ್ತದೆ; 200ಕ್ಕೆ ಇಟ್ಟರೆ ಒಟ್ಟು 300 ಆಗಿ ತಾರ ಸ್ವರಗಳಲ್ಲಿ ಚುಚ್ಚುವ ಉಬ್ಬೊಂದು ಏಳುತ್ತದೆ, ಗಾಯಕಿಯ ಕಂಠದ ‘ಸ’ಕಾರ ಒರಟಾಗುತ್ತದೆ. 2ಎಂ ರೆಡ್‌ಗಾದರೆ ಅದೇ 300 ನಡೆಯುತ್ತದೆ. ಈ ಹೊಂದಾಣಿಕೆಗೆ ಅವಕಾಶವೇ ಇಲ್ಲದ ಅಗ್ಗದ ಪೆಟ್ಟಿಗೆಯನ್ನು ಕೊಂಡವರು ದೋಷವನ್ನು ರೆಕಾರ್ಡಿನ ಮೇಲೆ ಹೊರಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಎಷ್ಟೋ ವೇಳೆ ರೆಕಾರ್ಡು ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಸ್ವಿಚ್ ಲೋ ಕಟ್. ಓರೆಯಾಗಿ ಒರಗಿಸಿಟ್ಟು ಬಾಗಿದ ರೆಕಾರ್ಡುಗಳನ್ನು ನುಡಿಸುವಾಗ ಕಿವಿಗೆ ಕೇಳದಷ್ಟು ನಿಧಾನದ ಕಂಪನಗಳು ಉಂಟಾಗಿ ವೂಫರ್ (ಮಂದ್ರ ಸ್ವರಗಳ ಸ್ಪೀಕರ್) ಹಿಂದೆ ಮುಂದೆ ತೂಗಾಡುತ್ತದೆ. ಈ ಸ್ವಿಚ್ ಅದನ್ನು ತಡೆಯುತ್ತದೆ. ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂಬ ಪ್ರಮಾಣ) ತಿರುಪೂ ಇದೆ. ಅದರ ಪಕ್ಕದ ದೀಪ ಕೆಂಪಾಗದಂತೆ ನೋಡಿಕೊಂಡರೆ ಸಾಕು.

ನಮ್ಮ ಊರಿನ ಮಟ್ಟಿಗೆ ಕರೆಂಟಿನ ವಿಷಯವನ್ನೂ ಹೇಳಲೇಬೇಕು. ವಿದೇಶದಿಂದ ತರಿಸಿದ ಪ್ರೀಆಂಪ್‌ನ ಅಡಾಪ್ಟರ್ 120 ವೋಲ್ಟಿನದಾಗಿರಬಹುದಾದ್ದರಿಂದ, ಅದರ ಮೇಲಿನ ಬರಹವನ್ನು ಓದದೆ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಬಾರದು. ಗುಂಯ್ ಎನ್ನುವ ಸದ್ದು ಬಂದರೆ ಮೊದಲು ಟರ್ನ್‌ಟೇಬಲ್‌ನ ಅರ್ಥ್ ವೈರು ಪ್ರೀಆಂಪ್‌ನ ಹಿಂಬದಿಯ ಗ್ರೌಂಡ್ ಸ್ಕ್ರೂಗೆ ಬಿಗಿಯಾಗಿ ಕೂತಿದೆಯೇ ಎಂದು ನೋಡಿ, ಆಮೇಲೆ ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ನಡೆಸುವಾಗ ಕೇಳುವ ಕರಕರ ಸದ್ದಿಗೆ ಪ್ರೀಆಂಪ್ ಕಾರಣವಲ್ಲ. ಸೈನ್ ವೇವ್ ಯುಪಿಎಸ್‌ನಲ್ಲಿ ಆ ತೊಂದರೆ ಬಹುತೇಕ ಇರುವುದಿಲ್ಲ.

ಇನ್ನೂ ಕ್ಷೀಣ ಸಿಗ್ನಲ್ ಕೊಡುವ ಸಾಮಾನ್ಯ ಮೂವಿಂಗ್ ಕಾಯಿಲ್ ಬಗೆಯ ಕಾರ್ಟ್ರಿಜ್ ಇರುವವರಿಗೆ ಇದು ಸಲ್ಲದು, ಅದಕ್ಕೆ 60 ಡೆಸಿಬೆಲ್‌ನಷ್ಟು ಗೇನ್ ಬೇಕು. ಅಜ್ಜನ ಕಾಲದ 78 ವೇಗದ ತಟ್ಟೆಗಳನ್ನು ಕೇಳಬೇಕೆನ್ನುವವರು, ಅವು ಹೆಚ್ಚಿನಂಶ ಆರ್‌ಐಎಎ ಮಾನದಂಡಕ್ಕಿಂತ ಹಿಂದಿನವು ಎಂಬುದನ್ನು ತಿಳಿದಿರಬೇಕು. ಅವುಗಳಿಗೆ ಮೊದಲು ಬೇಕಾದದ್ದು ಅಗಲ ಮೊನೆಯ ಬೇರೆ ಸೂಜಿ. ಅದನ್ನು ಹಾಕಿಕೊಂಡ ಮೇಲೆ ಈ ಪ್ರೀಆಂಪ್‌ನಲ್ಲೇ ಕೇಳುತ್ತಾ ಆಂಪ್ಲಿಫೈಯರ್‌ನ ಬಾಸ್, ಟ್ರೆಬಲ್‌ಗಳನ್ನು ಕಿವಿಗೆ ಒಪ್ಪುವಂತೆ ತಿದ್ದಿಕೊಳ್ಳಬಹುದು.