ಲಿಥಿಯಂ ಯೋಜನೆ: ಬಂಡೆಯೋ, ಉಪ್ಪುನೀರೋ?

ಲಿಥಿಯಂಗೆ ಕೈ ಹಾಕುವವರ ಮುಂದೆ ಎರಡು ದಾರಿಗಳಿವೆ. ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಶಸ್ ಗಣಿಯ ಥರ ಬಂಡೆ ಒಡೆಯುವುದು, ಇಲ್ಲವೇ ಚಿಲಿಯ ಅಟಕಾಮ ಮರುಭೂಮಿಯ ಥರ ನೆಲದಡಿಯ ಲಿಥಿಯಂ ಬೆರೆತ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಬಿಡುವುದು.

ಉಪ್ಪುನೀರಿನಲ್ಲಿ ಖರ್ಚು ಕಮ್ಮಿ, ಅರ್ಧ ಕೆಲಸ ಸೂರ್ಯನದೇ. ಆದರೆ ಕೊಳಗಳಲ್ಲಿ ನೀರು ಆರಲು ವರ್ಷಕ್ಕೂ ಜಾಸ್ತಿ ಬೇಕು. ಮಳೆಯೇ ಕಾಣದ ಮರುಭೂಮಿಯಲ್ಲಿ ಅಷ್ಟು ನೀರು ಆವಿಯಾಗಿ ಹೋಗುವುದು ನನಗಂತೂ ಸಂಕಟದ ವಿಷಯ.

ಬಂಡೆಗೆ ಬಿಸಿಲು ಕಾಯಬೇಕಿಲ್ಲ. ಅದರಲ್ಲಿ ಲಿಥಿಯಂ ಇರುವುದು ಸ್ಪಾಡ್ಯುಮಿನ್ ಎಂಬ ಖನಿಜದಲ್ಲಿ; ಅದು ಜೊತೆಗಿರುವ ಬೆಣಚುಕಲ್ಲಿಗಿಂತ ಭಾರ. ಅದಿರನ್ನು ಒಡೆದು ದಟ್ಟ ದ್ರವಕ್ಕೆ ಹಾಕಿದರೆ ಸ್ಪಾಡ್ಯುಮಿನ್ ಮುಳುಗುತ್ತದೆ, ಬೆಣಚುಕಲ್ಲು ತೇಲುತ್ತದೆ. ಹೀಗೆ ಬೇರ್ಪಡಿಸಿದ ಸರಕಿನಲ್ಲಿ ಲಿಥಿಯಂ ಆಕ್ಸೈಡ್ ಸುಮಾರು 6%. ಅಸಲಿ ಖರ್ಚು ಆಮೇಲೆ ಶುರು. ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿದಾಗ ಹರಳು ಉಬ್ಬಿ, ಬಿರಿದು, ಪುಡಿಪುಡಿಯಾಗುತ್ತದೆ. ಆಗಷ್ಟೇ ಲಿಥಿಯಂ ಬಿಡಿಸುವ ಗಂಧಕಾಮ್ಲ ಅದರೊಳಗೆ ಇಳಿಯುತ್ತದೆ.

ಇಂಧನ ಅಗ್ಗವಾಗಿ ಸಿಗುತ್ತದೆ, ಬೇಗ ಉತ್ಪಾದನೆ ಬೇಕು ಅಂದರೆ ಬಂಡೆಯನ್ನೇ ಆರಿಸಿ. ಆದರೆ ನಿಕ್ಷೇಪದ ಗಾತ್ರ ಮೊದಲು ನೋಡಿ. ನಮ್ಮ ಶ್ರೀರಂಗಪಟ್ಟಣ ತಾಲೂಕಿನ ಮರಳಗಾಲದಲ್ಲಿರುವುದೂ ಬಂಡೆ ಲಿಥಿಯಂ. ಅಂದಾಜು ಬರೀ 1,600 ಟನ್. ದೊಡ್ಡ ಕಾರ್ಖಾನೆಗೆ ಅದು ಒಂದು ವರ್ಷಕ್ಕೂ ಸಾಲದು.